ಗೀಟಿನ ಕೆಳಗೆ ನೀರು

ಬೆಳಿಗ್ಗೆ ಬೆಕ್ಕಿನ ಮರಳಿನ ಟ್ರೇ ಒಣಗಿ ಸ್ವಚ್ಛವಾಗಿತ್ತು; ಅದನ್ನು ಕಂಡು ಅವನಿಗೆ ಖುಷಿಯೇ ಆಗಿತ್ತು. ಮೂಗು ಹಿಡಿದುಕೊಂಡು ತೂತಿನ ಸೌಟಿನಿಂದ ಉಚ್ಚೆಗೆ ಗಟ್ಟಿಯಾದ ಮರಳುಂಡೆಗಳನ್ನು ಹೆಕ್ಕುವ ಕೆಲಸ ತಪ್ಪಿತಲ್ಲ ಎಂದು ಸಿಳ್ಳೆ ಹಾಕುತ್ತಲೇ ಷರಟಿಗೆ ಇಸ್ತ್ರಿ ಮಾಡಿಕೊಂಡಿದ್ದ. ನಿನ್ನೆಯೂ ಹೀಗೇ ಇತ್ತಲ್ಲವೆ ಎಂಬ ಯೋಚನೆ ಹೊಳೆದದ್ದು ಈಗ, ಬಚ್ಚಲುಮನೆಯ ಸಾಮಾನು ಮಾರುವ ಶೋರೂಮಿನಲ್ಲಿ, ಗಂಡ ಹೆಂಡತಿ ಇಬ್ಬರಿಗೆ ಒಂದು ನಲ್ಲಿಯ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸುತ್ತಿದ್ದಾಗ. ಗೋಡೆಯ ತುಂಬ ನಲ್ಲಿಗಳು, ಹನಿ ನೀರಿನ ಮುಖ ಕಾಣದೆ ಮಿರಮಿರ ಮಿಂಚುವಂಥವು. ಗಂಡಸು ನಲ್ಲಿ ತಿರುಗಿಸಿದ, ಅಭ್ಯಾಸಬಲದಿಂದ ಕೆಳಗೆ ಕೈಯೊಡ್ಡಿದ, ಒಣ ಕೈಯನ್ನೇ ಕರವಸ್ತ್ರಕ್ಕೆ ಒರೆಸಿಕೊಂಡ. ಎಲ್ಲರೂ ಹೀಗೇ ಮಾಡುತ್ತಾರೆ. ಬೇರೆ ದಿನವಾಗಿದ್ದರೆ ಅವನು ಒಳಗೊಳಗೇ ನಗುತ್ತಿದ್ದ. ಇವತ್ತು ಆ ಒಣಗೈ ನೋಡಿದ್ದೇ ಹಿಂದಿನ ದಿನಗಳನ್ನು ಎಣಿಸತೊಡಗಿದ. ಮೊನ್ನೆ? ಮೊನ್ನೆ ಟ್ರೇಯಲ್ಲಿ ಏನಾದರೂ ಇತ್ತೆ? ಇತ್ತು, ಒಂದು ಪುಟ್ಟ ಉಂಡೆ, ಅಡಿಕೆಯಷ್ಟು. ಅದನ್ನು ಕಂಡೂ ಅವನು ಖುಷಿಪಟ್ಟಿದ್ದ.

"ಗ್ಯಾರಂಟಿ ಎಷ್ಟು ವರ್ಷ?" ಎಂದು ಹೆಂಗಸು ಕೇಳಿದಳು.

"ಯಾವುದಕ್ಕೆ?" ಎಂದ ಅವನು.

ಹೆಂಗಸು ಗಂಡನ ಮುಖ ನೋಡಿದಳು. ಇಂಥವನನ್ನು ಕೆಲಸಕ್ಕೆ ಇಟ್ಟುಕೊಂಡವನು ಎಂಥ ನಲ್ಲಿ ಇಟ್ಟಿರಬೇಕು ಎಂಬುದು ಆ ನೋಟದ ಅರ್ಥ.

ಬೆಕ್ಕು ಅವನದಲ್ಲ. ಇದನ್ನು ಅವನು ಮದುವೆಯಾದ ಹೊಸದರಲ್ಲಿ ಎಲ್ಲರಿಗೂ ತಮಾಷೆಯಾಗಿ ಹೇಳುತ್ತಿದ್ದ, ಈಗೀಗ ತಮಾಷೆಯಿಲ್ಲದೆ ಹೇಳುತ್ತಾನೆ. ಹೆಂಡತಿಯ ಜೊತೆ ಬಂದದ್ದು, ಸೂಟ್‌ಕೇಸು, ಹೊಲಿಗೆ ಯಂತ್ರ ಮತ್ತು ಅಪ್ಪನ ಸಮೇತ. ಹೆಸರು ದೊರೆಸಾನಿ. ಬೂದಿ ಬಣ್ಣ, ಒಂದು ಕಿವಿಯ ತುದಿ ಹರಿದಿದೆ, ಮುದಿ. ಸೋಫಾದ ಮೇಲೆ ಕೂತು ಅವನು ಬಾಗಿಲು ತೆರೆದು ಒಳಬಂದರೆ ಬಾಡಿಗೆದಾರನನ್ನು ನೋಡುವ ಹಾಗೆ ನೋಡುತ್ತದೆ. ಹೆಂಡತಿ ಮನೆಗೆ ಬಂದರೆ ಮೊದಲು ಬಗ್ಗುವುದು ಅದರ ಕಡೆಗೆ. ಅದರ ಗಲ್ಲ ತುರಿಸಿ, ಅದರ ಜೊತೆ ಊರಿನ ಎಲ್ಲ ಲಿಫ್ಟುಗಳನ್ನು ಬೈದು, ಆಮೇಲೆ ತಲೆಯೆತ್ತಿ "ನೀನು ಯಾವಾಗ ಬಂದೆ?" ಎಂದು ಇವನನ್ನು ಕೇಳುತ್ತಾಳೆ. ಅವಳು ಲಿಫ್ಟುಗಳ ತಪಾಸಣೆ ಮಾಡುವ ಇನ್ಸ್‌ಪೆಕ್ಟರು. ಎಲ್ಲ ಸರಿಯಾಗಿದೆ ಎಂದವರನ್ನು ಅನುಮಾನದಿಂದ ನೋಡುವುದಕ್ಕೇ ಸಂಬಳ ಪಡೆಯುವವಳು. ಈ ಸಲ ದೂರದ ಊರಿಗೆ ಹೊರಡುವ ಮುಂಚೆ, ಬೆಕ್ಕಿನ ಮೂತ್ರಪಿಂಡಕ್ಕೆ ವಯಸ್ಸಾಗಿದೆಯೆಂದು ಡಾಕ್ಟರು ಹೇಳಿದ್ದನ್ನು ಅವನಿಗೆ ಮತ್ತೆ ಮತ್ತೆ ಹೇಳಿದ್ದಳು. ಚೆನ್ನಾಗಿ ನೀರು ಕುಡಿಯಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ. "ಊಟದ ತಟ್ಟೆ ಪಕ್ಕ ನೀರಿಡಬೇಡ, ಮೂಸಿ ಕೂಡ ನೋಡಲ್ಲ. ಅಗಲ ಬಟ್ಟಲೇ ಆಗ್ಬೇಕು, ಅಂಚಿಗೆ ಮೀಸೆ ತಾಗಬಾರದು. ಊಟಕ್ಕೂ ಸ್ವಲ್ಪ ನೀರು ಕಲಸು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಕುಡಿಯೋದನ್ನ ನೋಡು. ನೋಡ್ಬೇಕು. ಕೇಳಿಸ್ತಾ?" ಕೇಳಿಸಿತ್ತು. ಅವನು ಅವಳ ಸೂಟ್‌ಕೇಸಿನ ಜಿಪ್ಪು ಎಳೆಯುತ್ತ, ಈ ವರ್ಷವಾದರೂ ಮಗುವಿನ ವಿಚಾರ ಮಾತಾಡೋಣ ಎಂದು ಅಂಥ ಹೊತ್ತಿನಲ್ಲೇ ಮಾತು ತೆಗೆದಿದ್ದ. ಅವಳು ನಕ್ಕಿದ್ದಳು. "ಮೊದ್ಲು ಇದನ್ನ ಉಳಿಸ್ಕೊಂಡು ತೋರ್ಸು. ನಾನು ಬರೋವರೆಗೂ ಜೀವ ಇದ್ರೆ ಕೂತು ಮಾತಾಡೋಣ." ತಮಾಷೆಗೆ ಹೇಳಿದ್ದೆಂದು ಅವನು ನಂಬಲು ನೋಡಿದ. ಆದರೆ ನಕ್ಕ ಮೇಲೂ ಅವಳ ಕಣ್ಣು ಅವನ ಮುಖದ ಮೇಲೇ ಇತ್ತು. ಕೇಬಲ್ಲು ಎಷ್ಟು ಭಾರ ತಡೆದೀತು ಎಂದು ನೋಡುವ ಕಣ್ಣು.

ಕುಡಿಯುವುದನ್ನು ನೋಡುವುದೆಂದರೆ ಹೇಗೆ? ಬೆಕ್ಕಿಗೆ ಯಾವಾಗ ಬಾಯಾರುತ್ತದೆಂದು ಯಾರು ಕಾಯುತ್ತ ಕೂರುತ್ತಾರೆ? ಅವನು ಮಾರಾಟಗಾರನ ಬುದ್ಧಿ ಓಡಿಸಿದ್ದ. ಬಟ್ಟಲಿನ ಒಳಮೈಗೆ ಕಪ್ಪು ಪೆನ್ನಿನಲ್ಲಿ ಒಂದು ಗೀಟು ಎಳೆದ. ಬೆಳಿಗ್ಗೆ ಗೀಟಿನ ತನಕ ನೀರು ತುಂಬುವುದು, ಸಂಜೆ ಬಂದು ಗೀಟಿನ ಕೆಳಗೆ ಎಷ್ಟಿದೆ ನೋಡುವುದು. ಅಷ್ಟೇ. ಪ್ರತಿ ಸಂಜೆ ನೀರು ಅರ್ಧಕ್ಕೆ ಇಳಿದಿರುತ್ತಿತ್ತು. ಪ್ರತಿ ಸಂಜೆ ಹೆಂಡತಿ ಫೋನು ಮಾಡಿ "ಕುಡೀತಾ?" ಎಂದರೆ "ಅರ್ಧ ಬಟ್ಟಲು" ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳುತ್ತಿದ್ದ. ಹಾಗೆ ಹೇಳಿದ ರಾತ್ರಿಗಳಲ್ಲಿ ಒಳ್ಳೆಯ ನಿದ್ದೆ ಬಂದಿತ್ತು. ಒಮ್ಮೆಯಂತೂ ಹುಟ್ಟದ ಮಗುವಿನ ಕೂದಲು ಬಾಚಿದ ಹಾಗೆ ಕನಸು ಬಿದ್ದು, ಬೆಳಿಗ್ಗೆ ದೊರೆಸಾನಿಯ ಬೆನ್ನು ತಾನಾಗಿಯೇ ಸವರಿದ್ದ. ಅದು ಪಕ್ಕಕ್ಕೆ ಸರಿದಿತ್ತು. ಸರಿಯಲಿ, ನೀರು ಕುಡಿದರೆ ಸಾಕು, ಪ್ರೀತಿ ಯಾರಿಗೆ ಬೇಕಾಗಿದೆ ಎಂದುಕೊಂಡಿದ್ದ. ಅದರ ಕೂದಲು ಒರಟಾಗಿ ಗುಂಪುಗುಂಪಾಗಿ ನಿಂತಿದ್ದು ಕೈಗೆ ತಗುಲಿತ್ತು. ಕೈಗೆ ತಗುಲಿತ್ತು, ತಲೆಗೆ ಹೋಗಿರಲಿಲ್ಲ.

ಜೇಬಿನಲ್ಲಿ ಫೋನು ನಡುಗಿತು. ಪರದೆಯ ಮೇಲೆ ಮಾವನ ಹೆಸರು ನೋಡಿ ಅವನಿಗೆ ಸುಡುಗಾಡಿನಿಂದ ಕರೆ ಬಂದಷ್ಟು ಗಾಬರಿಯಾಯಿತು. ಮಾವ ಫೋನು ಮಾಡುವುದಿಲ್ಲ. ಮಾವ ಮನೆಯಲ್ಲಿ ಎದುರಿಗಿದ್ದರೂ ನೇರವಾಗಿ ಮಾತಾಡುವುದಿಲ್ಲ. ಏನಿದ್ದರೂ ಬೆಕ್ಕಿನ ಮೂಲಕ. "ದೊರೆಸಾನಿ, ಸೋಪು ಮುಗಿದಿದೆ ಅಂತ ಹೇಳಿಬಿಡವ್ವ," ಎಂದು ಗಟ್ಟಿಯಾಗಿ ಹೇಳಿ ಬಚ್ಚಲು ಬಾಗಿಲು ಹಾಕಿಕೊಳ್ಳುವ ಮನುಷ್ಯ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು, ಏನೂ ಆಗಿರಲಿಲ್ಲ.

"ಅಳಿಯಂದ್ರೆ," ಎಂದಿತು ಮಾವನ ಧ್ವನಿ. "ಬರ್ತೀರಾ? ಇದು ಏಳ್ತಿಲ್ಲ."

ಗಿರಾಕಿಗಳಿಬ್ಬರನ್ನೂ ನಲ್ಲಿಗಳ ನಡುವೆ ಬಿಟ್ಟು ಅವನು ಓಡಿದ. ಹಿಂದಿನಿಂದ ಮಾಲೀಕ "ಏನಯ್ಯಾ, ಮನೆಗೆ ಬೆಂಕಿ ಬಿತ್ತಾ?" ಎಂದ. ಬಿದ್ದಿದ್ದರೆ ಮಾವನೇ ಆರಿಸುತ್ತಿದ್ದ ಎಂದುಕೊಂಡ ಅವನು, ಟ್ಯಾಕ್ಸಿಗೆ ಕೈ ತೋರಿಸುತ್ತ. ಮಾವ ಅಗ್ನಿಶಾಮಕ ದಳದಲ್ಲಿ ಗಾಡಿ ಓಡಿಸಿ ನಿವೃತ್ತನಾದವನು. ಅವನ ಬದುಕೆಲ್ಲ ಟ್ಯಾಂಕುಗಟ್ಟಲೆ ನೀರನ್ನು ಗಂಟೆ ಬಾರಿಸುತ್ತ ಹೊತ್ತೊಯ್ಯುವುದರಲ್ಲಿ ಕಳೆದಿತ್ತು. ಊರಿಗೆಲ್ಲ ನೀರು ಹೊಡೆದವನ ಮನೆಯಲ್ಲಿ ಒಂದು ಬೆಕ್ಕಿಗೆ ನೀರಿಲ್ಲ ಎಂದು ಯಾರಾದರೂ ಹೇಳಿದರೆ ನಗುತ್ತಾರೆ. ಟ್ಯಾಕ್ಸಿಯಲ್ಲಿ ಕೂತು ಅವನಿಗೂ ಒಂದು ಕ್ಷಣ ನಗು ಬಂತು, ಮರುಕ್ಷಣ ಹೆಂಡತಿಯ ಮುಖ ಬಂತು.

ದೊರೆಸಾನಿ ಅಡುಗೆಮನೆಯ ಮೂಲೆಯಲ್ಲಿ, ತಣ್ಣನೆಯ ನೆಲದ ಮೇಲೆ, ಯಾರೋ ಬಿಚ್ಚಿ ಎಸೆದ ಸ್ವೆಟರಿನ ಹಾಗೆ ಬಿದ್ದಿತ್ತು. ಕಣ್ಣು ತೆರೆದೇ ಇತ್ತು. ಮಾವ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅದಕ್ಕೆ ಗಾಳಿ ಬೀಸುತ್ತಿದ್ದ, ಹಳೆಯ ಕ್ಯಾಲೆಂಡರಿನಿಂದ.

"ಗಾಳಿ ಯಾಕೆ ಮಾವ?"

"ಮತ್ತೇನು ಮಾಡ್ಲಿ? ಬಾಯಿಗೆ ಬಾಯಿಟ್ಟು ಊದ್ಲಾ?"

ಅವನು ಬಟ್ಟಲು ನೋಡಿದ. ನೀರು ಗೀಟಿಗಿಂತ ಅರ್ಧ ಕೆಳಗಿತ್ತು. ಇನ್ನೂ ಮಧ್ಯಾಹ್ನ. "ಕುಡಿದಿದೆಯಲ್ಲ! ಬೆಳಿಗ್ಗೆ ಇಲ್ಲೀತನಕ ತುಂಬಿದ್ದೆ, ನೋಡಿ, ಗೀಟಿದೆ."

"ಯಾವ ಗೀಟು?" ಮಾವ ಬಗ್ಗಿ ನೋಡಿದ. "ಅದು ನೀವು ಎಳೆದಿದ್ದಾ? ಕೊಳೆ ಅಂತ ದಿನಾ ಉಜ್ಜಿ ಉಜ್ಜಿ ನನ್ನ ಉಗುರು ಸವೀತು!"

"ನೀವ್ಯಾಕೆ ಉಜ್ಜಿದ್ರಿ?"

"ಹೊಸ ನೀರು ಹಾಕುವಾಗ ಬಟ್ಟಲು ಉಜ್ಜಬೇಡ್ವಾ?"

ಆಮೇಲೆ ಒಂದೊಂದಾಗಿ ಹೊರಬಂತು. ಪಾಳಿ ಬದಲಾದಾಗ ಟ್ಯಾಂಕಿನ ಹಳೆಯ ನೀರು ಚೆಲ್ಲಿ ಹೊಸದು ತುಂಬಿಸದೆ ಗಾಡಿಯ ಕೀಲಿ ಮುಟ್ಟುತ್ತಿರಲಿಲ್ಲವಂತೆ ಮಾವ. ಅಳಿಯ ಕೆಲಸಕ್ಕೆ ಹೊರಟರೆ ಮನೆಯಲ್ಲೂ ಪಾಳಿ ಬದಲಾದ ಹಾಗೆಯೇ. ಬಾಗಿಲು ಹಾಕಿದ ಕೂಡಲೇ ಬಟ್ಟಲಿನ ನೀರನ್ನು ಕಿಟಕಿಯ ಕುಂಡಕ್ಕೆ ಸುರಿದು, ಉಜ್ಜಿ, ಹೊಸ ನೀರು ತಂದಿಡುತ್ತಿದ್ದ. ಕುಂಡದ ಗಿಡ ಬುಡದಿಂದ ಕೊಳೆತು ಕಪ್ಪಾಗಿತ್ತು. ಆ ಮನೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದದ್ದು ಅದೊಂದೇ.

"ಹಾಕೋದು ಹಾಕಿದ್ರಿ, ಪೂರ್ತಿ ತುಂಬಬಾರದಿತ್ತಾ? ಅರ್ಧ ಬಟ್ಟಲು ಯಾಕೆ?"

"ಚೆಲ್ಲುತ್ತೆ."

"ನಲ್ಲಿಯಿಂದ ಇಲ್ಲಿಗೆ ನಾಲ್ಕು ಹೆಜ್ಜೆ ಮಾವ! ಹೇಗೆ ಚೆಲ್ಲುತ್ತೆ?"

ಮಾವ ಗಾಳಿ ಬೀಸುವುದನ್ನು ನಿಲ್ಲಿಸಿ ಬಲಗೈಯನ್ನು ಮುಂದೆ ಚಾಚಿದ. ಕ್ಯಾಲೆಂಡರು ಇಲ್ಲದಿದ್ದರೂ ಆ ಕೈ ಬೀಸುತ್ತಲೇ ಇತ್ತು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಯಾವುದೋ ವಾದ್ಯ ನುಡಿಸುತ್ತಿದ್ದವು. ಈ ಕೈಯಲ್ಲೇ ಮಾವ ದಿನವೂ ಎದುರಿಗೆ ಕೂತು ಉಣ್ಣುತ್ತಿದ್ದ, ಗಡ್ಡ ಹೆರೆದುಕೊಳ್ಳುತ್ತಿದ್ದ. ಗಲ್ಲದ ಮೇಲಿನ ಗಾಯಗಳನ್ನು ಇವನು ಹಳೆಯ ಬ್ಲೇಡಿನ ಜಿಪುಣತನವೆಂದು ತಿಳಿದಿದ್ದ, ಅದನ್ನು ಶೋರೂಮಿನಲ್ಲಿ ತಮಾಷೆಯಾಗಿ ಹೇಳಿಯೂ ಇದ್ದ.

"ಅವಳಿಗೆ ಗೊತ್ತಾ?"

"ಗೊತ್ತಾದ್ರೆ ನನ್ನನ್ನೂ ತಪಾಸಣೆ ಮಾಡ್ತಾಳೆ," ಎಂದ ಮಾವ. "ನಡೀರಿ, ಡಾಕ್ಟ್ರ ಹತ್ರ. ನನ್ನ ಕೈ ಆಮೇಲೆ ನೋಡುವಿರಂತೆ."

ಪ್ರಾಣಿವೈದ್ಯರ ಕಾಯುವ ಕೋಣೆಯಲ್ಲಿ ಒಂದು ದೈತ್ಯ ನಾಯಿ ಮತ್ತು ಅದರ ಪಕ್ಕದಲ್ಲಿ ಮುದುಡಿ ಕೂತಂತೆ ಕಾಣುವ ಅದರ ಯಜಮಾನ. ಬುಟ್ಟಿಯೊಳಗೆ ದೊರೆಸಾನಿ ಇದ್ದದ್ದು ನಾಯಿಗೆ ತಿಳಿಯಿತು, ಆದರೆ ಅದು ಬೊಗಳಲಿಲ್ಲ. ಮೂಸಿ, ಮುಖ ತಿರುಗಿಸಿತು. ನಾಯಿ ಬೊಗಳದೆ ಬಿಟ್ಟದ್ದು ಅವನಿಗೆ ಬಹಳ ಕೆಟ್ಟ ಶಕುನವೆನಿಸಿತು. ಬೊಗಳಬಾರದೆ, ಬೊಗಳಿಸಿಕೊಳ್ಳುವ ಯೋಗ್ಯತೆಯೂ ಉಳಿದಿಲ್ಲವೆ ಇದಕ್ಕೆ?

"ಏನಾಗಿದೆ?" ಎಂದ ನಾಯಿಯವನು.

"ನೀರು ಕುಡಿಯಲ್ಲ," ಎಂದ ಮಾವ.

"ನಮ್ಮವನಿಗೆ ಅದೇ ಉಲ್ಟಾ. ಬಟ್ಟಲಲ್ಲಿ ಕೊಟ್ರೆ ಮೂಗು ಮುರೀತಾನೆ, ಕಮೋಡಿಗೆ ಬಾಯಿ ಹಾಕಿ ಗಟಗಟ ಕುಡೀತಾನೆ. ನೆಂಟರ ಮುಂದೆ ಮಾನ ಹೋಗುತ್ತೆ."

"ಮುಚ್ಚಳ ಹಾಕಿಡಿ."

"ಹಾಕಿದ್ದೆ. ಸೊಂಟದ ಕೆಳಗೆ ಕಚ್ಚಿದ. ಅದಕ್ಕೇ ನಿಂತಿರೋದು ನಾನು, ಕೂರಕ್ಕಾಗಲ್ಲ." ಅವನು ಕೂತಿರಲಿಲ್ಲ, ಗೋಡೆಗೆ ಒರಗಿ ಬಗ್ಗಿಕೊಂಡಿದ್ದ ಎಂಬುದು ಆಗ ತಿಳಿಯಿತು. ಮಾವ ನಕ್ಕುಬಿಟ್ಟ. ಅಳಿಯನೂ ನಕ್ಕ. ಇಬ್ಬರೂ ಒಂದೇ ವಿಷಯಕ್ಕೆ ನಗುತ್ತಿರುವುದು ಅರಿವಾಗಿ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಬಾಯಿ ಮುಚ್ಚಿಕೊಂಡರು.

ಡಾಕ್ಟರು ಮಾತು ಕಡಿಮೆಯ ಹೆಂಗಸು. ದೊರೆಸಾನಿಯ ಹೆಗಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಚರ್ಮ ಕೆಳಗಿಳಿಯಲಿಲ್ಲ. ಪುಟ್ಟ ಡೇರೆಯ ಹಾಗೆ ಎದ್ದು ನಿಂತಿತು, ಮನಸ್ಸಿಲ್ಲದ ಮನಸ್ಸಿನಿಂದ ನಿಧಾನವಾಗಿ ಕುಸಿಯಿತು. "ನೋಡಿದ್ರಾ? ಬಿಟ್ಟ ತಕ್ಷಣ ಹಿಂದಕ್ಕೆ ಹೋಗ್ಬೇಕು." ತುಟಿ ಸರಿಸಿ ವಸಡಿಗೆ ಬೆರಳು ಒತ್ತಿದರು. "ಅಂಟಂಟಾಗಿದೆ, ಒದ್ದೆ ಇಲ್ಲ. ಯಾವಾಗಿಂದ ನೀರು ಕುಡೀತಿಲ್ಲ?"

ಅವನು ಮಾವನನ್ನು ನೋಡಿದ. ಮಾವ ಗೋಡೆಯ ಮೇಲಿದ್ದ ಹಸುವಿನ ಚಿತ್ರವನ್ನು ನೋಡಿದ.

"ಉಚ್ಚೆ ಯಾವಾಗ ಹೊಯ್ದಿದ್ದು?"

"ಟ್ರೇ ಕ್ಲೀನಾಗಿತ್ತು," ಎಂದ ಅವನು. ಶೋರೂಮಿನಲ್ಲಿ ಮಾಲಿನ ಗುಣ ಹೇಳುವ ಧ್ವನಿಯೇ ಬಂತು, ಅದು ತನಗೇ ಕೇಳಿ ಕಿವಿ ಬಿಸಿಯಾಯಿತು.

"ಎಷ್ಟು ದಿನ ಕ್ಲೀನಾಗಿತ್ತು?"

"ನಾನು... ಚೆನ್ನಾಗಿದೆ ಅಂದ್ಕೊಂಡೆ."

ಡಾಕ್ಟರು ತಲೆಯೆತ್ತಿದರು. ಬೈಯಲಿಲ್ಲ. "ನಿಮಗೆ ಚೆನ್ನಾಗಿತ್ತು," ಎಂದಷ್ಟೇ ಹೇಳಿ ಸೂಜಿಗೆ ಕೈಹಾಕಿದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದ ತಂಗಿಗೆ ಕಷಾಯ ಕುಡಿಸೆಂದು ಅಮ್ಮ ಕೊಟ್ಟದ್ದನ್ನು ಕಿಟಕಿಯಾಚೆ ಚೆಲ್ಲಿ ಖಾಲಿ ಲೋಟ ತೋರಿಸಿದ್ದು, ಅಮ್ಮ ಅವನ ತಲೆ ನೇವರಿಸಿದ್ದು ಯಾಕೋ ನೆನಪಾಯಿತು. ತಂಗಿ ಬದುಕಿದಳು, ದಪ್ಪಗಾದಳು, ಈಗ ಅವನಿಗೆ ವಾರಕ್ಕೊಮ್ಮೆ ಬುದ್ಧಿ ಹೇಳುತ್ತಾಳೆ. ಆದರೂ ಖಾಲಿ ಪಾತ್ರೆ ತೋರಿಸಿ ಹೊಗಳಿಸಿಕೊಳ್ಳುವ ಚಟ ಅಲ್ಲಿಂದಲೇ ಹತ್ತಿರಬೇಕು.

ಹೆಗಲ ಚರ್ಮದಡಿಗೆ ನೀರು ಹೋಯಿತು. ದೊರೆಸಾನಿಯ ಬೆನ್ನ ಮೇಲೆ ಒಂಟೆಯ ಡುಬ್ಬದಂತೆ ಉಬ್ಬು ಎದ್ದಿತು. ಮೂತ್ರಪಿಂಡ ಇನ್ನೂ ಕೆಲಸ ಮಾಡುತ್ತಿದೆಯೋ ಇಲ್ಲವೋ ಈಗಲೇ ಹೇಳಲಾರೆ ಎಂದರು ಡಾಕ್ಟರು. ಸಂಜೆಯೊಳಗೆ ಉಚ್ಚೆ ಹೊಯ್ದರೆ ಒಳ್ಳೆಯದು. ಹೊಯ್ಯದಿದ್ದರೆ ಕರೆತನ್ನಿ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಉಳಿದರೆ, ಬಟ್ಟಲು ಒಂದೇ ಕಡೆ ಬೇಡ, ಮೂರು ನಾಲ್ಕು ಕಡೆ ಇಡಿ. ಊಟದಿಂದ, ಟ್ರೇಯಿಂದ ದೂರ. ಕೆಲವು ಬೆಕ್ಕಿಗೆ ಹರಿಯೋ ನೀರೇ ಬೇಕು, ನಲ್ಲಿ ಸಣ್ಣಗೆ ಬಿಟ್ಟು ನೋಡಿ. "ಮತ್ತೆ ನಿಮ್ಮಿಬ್ಬರಲ್ಲಿ ಒಬ್ಬರು ನೋಡ್ಕೊಳ್ಳಿ. ಇಬ್ಬರೂ ಬೇಡ."

ಮನೆಯಲ್ಲಿ ಅವರು ಕಾದರು. ಅಡುಗೆಮನೆಯ ನೆಲದ ಮೇಲೆ ಟವೆಲು ಹಾಸಿ ದೊರೆಸಾನಿಯನ್ನು ಮಲಗಿಸಿ, ಒಂದು ಬದಿಗೆ ಮಾವ, ಇನ್ನೊಂದು ಬದಿಗೆ ಅವನು. ಮಾವ ಟ್ರೇಯನ್ನು ಹತ್ತಿರ ತಂದಿಟ್ಟ, ಇವನು ಅದನ್ನು ಇನ್ನಷ್ಟು ಹತ್ತಿರ ತಳ್ಳಿದ. ಮಾವ ನಲ್ಲಿಯನ್ನು ಸಣ್ಣಗೆ ಬಿಟ್ಟ, ಆ ಸದ್ದಿಗಾದರೂ ಉಚ್ಚೆ ಬರಲಿ ಎಂದು. ಬಂದದ್ದು ಮಾವನಿಗೆ. ಎದ್ದು ಹೋಗಿ, ಬಂದು, ನಾಚಿಕೆಯಿಂದ ಕೂತ. ಬೆನ್ನ ಮೇಲಿನ ಡುಬ್ಬ ಮೆಲ್ಲಗೆ ಜಾರಿ ಮುಂಗಾಲಿನ ಕಡೆಗೆ ಇಳಿಯುತ್ತಿತ್ತು. ಅದನ್ನು ಅವನು ನೋಡುತ್ತಲೇ ಇದ್ದ. ಒಂದೇ ಸಮನೆ ಇಷ್ಟು ಹೊತ್ತು ಈ ಪ್ರಾಣಿಯನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಅದರ ಮೂಗಿನ ಮೇಲೊಂದು ಮಚ್ಚೆಯಿತ್ತು. ಉಸಿರೆಳೆದಾಗ ಹರಿದ ಕಿವಿ ತುಸುವೇ ಅಲುಗುತ್ತಿತ್ತು. ಇದು ಸತ್ತರೆ ಹೆಂಡತಿ ಕೂಗಾಡುವುದಿಲ್ಲ. ಬಾಗಿಲಲ್ಲಿ ಸೂಟ್‌ಕೇಸು ಇಳಿಸಿ, ಬಗ್ಗಲು ಯಾರೂ ಇಲ್ಲದ್ದರಿಂದ ನೆಟ್ಟಗೆ ನಿಂತು ಅವನನ್ನು ನೋಡುತ್ತಾಳೆ. ಮಗುವಿನ ಮಾತು ಮತ್ತೆಂದೂ ಬರುವುದಿಲ್ಲ. ಅವನಿಗೇ ಎತ್ತುವ ಧೈರ್ಯ ಬರುವುದಿಲ್ಲ.

"ಅವಳಿಗೆ ಹೇಳೋದು ಬೇಡ," ಎಂದ ಮಾವ, ಬೆಕ್ಕಿಗಲ್ಲ, ಇವನಿಗೇ. "ಸರಿಹೋದ್ರೆ ಹೇಳೋ ಅಗತ್ಯ ಇಲ್ಲ. ಸರಿಹೋಗದಿದ್ರೆ ವಯಸ್ಸಾಗಿತ್ತು ಅನ್ನೋಣ."

"ಯಾರು ಹೇಳೋದು?"

"ನಾನೇ ಹೇಳ್ತೀನಿ. ನನಗೆ ಅಭ್ಯಾಸ ಇದೆ. ಎಷ್ಟೋ ಜನಕ್ಕೆ ಬೆಂಕಿ ಆರಿದೆ ಅಂತ ಹೇಳಿದೀನಿ, ಒಳಗೆ ಉರೀತಿರುವಾಗ."

ಎಂದಿಗಿಂತ ಮುಂಚೆಯೇ ಹೆಂಡತಿಯ ಫೋನು ಬಂತು. ಮಾವ ಹಾರಿ ಎತ್ತಿಕೊಂಡ. ಕೈ ನಡುಗಿ ಫೋನು ಕಿವಿಗೆ ಎರಡು ಸಲ ಬಡಿಯಿತು. "ಚೆನ್ನಾಗಿದೆ ಕಣಮ್ಮ, ಕುಡಿದು ಮಲಗಿದೆ... ಹೂಂ, ಅವರೂ ಇಲ್ಲೇ ಇದಾರೆ... ಇಲ್ಲಮ್ಮ, ಬೇಗ ಬಂದ್ರು... ಯಾಕೆ ಅಂದ್ರೆ... ಸುಮ್ನೆ." ಎತ್ತಿದ ಒಂದೇ ಉಸಿರಿನಲ್ಲಿ ಸಿಕ್ಕಿಬಿದ್ದ. ಫೋನು ಅಳಿಯನ ಕೈಗೆ ಬಂತು. ಅವನು ಎದ್ದು ನಿಂತ.

"ನೀನ್ಯಾಕೆ ಇಷ್ಟು ಹೊತ್ತಿಗೆ ಮನೇಲಿದೀಯಾ? ಕುಡೀತಾ?"

ಅರ್ಧ ಬಟ್ಟಲು ಎಂಬ ಮಾತು ನಾಲಿಗೆಯ ಮೇಲೆ ತಯಾರಾಗಿ ಕೂತಿತ್ತು. ಅದು ಹೊರಬರುವ ಮುಂಚೆ, ಯಾಕೆಂದು ತಿಳಿಯದೆ, ಬೇರೊಂದು ಮಾತು ಅದನ್ನು ತಳ್ಳಿಕೊಂಡು ಬಂತು.

"ಇಲ್ಲ. ಕುಡಿದೇ ಇಲ್ಲ. ಡಾಕ್ಟರ ಹತ್ರ ಹೋಗಿದ್ವಿ. ನೀರು ಚುಚ್ಚಿದಾರೆ. ಉಚ್ಚೆ ಹೊಯ್ದರೆ ಉಳಿಯುತ್ತೆ, ಇನ್ನೂ ಹೊಯ್ದಿಲ್ಲ."

ಆ ಕಡೆ ಎಲ್ಲೋ ಲಿಫ್ಟಿನ ಬಾಗಿಲು ತೆರೆದು ಮುಚ್ಚಿಕೊಂಡಿತು. ಮಾವ ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

"ದಿನಾ ಅರ್ಧ ಬಟ್ಟಲು ಅಂತಿದ್ದೆ."

"ಗೀಟು ನೋಡಿ ಹೇಳ್ತಿದ್ದೆ. ಅದನ್ನ ನೋಡ್ಲಿಲ್ಲ. ಟ್ರೇ ಒಣಗಿದ್ದು ನೋಡ್ದೆ. ಕೆಲಸ ತಪ್ಪಿತು ಅಂತ ಖುಷಿಪಟ್ಟೆ." ಮಾವನ ಪಾಳಿಯ ಕತೆ ಹೇಳಬೇಕೆಂದು ಬಾಯಿ ತೆರೆದ, ಚಾಚಿದ ಕೈ ಕಣ್ಣೆದುರು ಬಂತು, ಬಾಯಿ ಮುಚ್ಚಿದ.

ಅವಳು ಸಣ್ಣ ದನಿಯಲ್ಲಿ, "ದಿನಾ ಒಂದೇ ಲೆಕ್ಕ ತೋರಿಸೋ ಲಿಫ್ಟನ್ನ ನಾನು ಯಾವತ್ತೂ ನಂಬಿಲ್ಲ ಕಣೋ. ನಿನ್ನ ನಂಬಿಬಿಟ್ಟೆ ನೋಡು," ಎಂದಳು.

ಅವನು ನೆಲ ನೋಡುತ್ತಿರುವಾಗಲೇ ಟವೆಲು ಅಲುಗಿತು. ದೊರೆಸಾನಿ ಎದ್ದಿತ್ತು. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು, ಮುಂಗಾಲು ನೀರು ತುಂಬಿ ದಪ್ಪಗಾಗಿತ್ತು. ಅದು ಟ್ರೇಯನ್ನು ಮೂಸಿತು, ಯೋಗ್ಯವಲ್ಲವೆಂದು ಬಿಟ್ಟಿತು, ತೂರಾಡುತ್ತ ಅವನ ಕಡೆಗೆ ಬಂತು. ಮಾವ ಕಲ್ಲಾದ. ಬೆಕ್ಕು ಅಳಿಯನ ಎರಡು ಪಾದಗಳ ಮೇಲೆ, ಕೆಲಸಕ್ಕೆಂದು ಹಾಕಿಕೊಂಡ ಕಾಲುಚೀಲದ ಮೇಲೆ, ಬಾಡಿಗೆ ವಸೂಲಿಗೆ ಬಂದ ಯಜಮಾನಿಯ ಗತ್ತಿನಲ್ಲಿ ಕುಕ್ಕರಿಸಿತು.

"ಏನಾಗ್ತಿದೆ? ಯಾಕೆ ಸುಮ್ಮನಾದೆ? ಹಲೋ?"

"ಶ್!" ಎಂದ ಅವನು. ಮದುವೆಯಾದಂದಿನಿಂದ ಅವಳಿಗೆ ಅವನು ಹಾಗೆ ಹೇಳಿದ್ದು ಅದೇ ಮೊದಲು. ಬೆಚ್ಚಗೆ, ಮೊದಲು ಎಡಗಾಲಿನ ಬೆರಳಿಗೆ, ಆಮೇಲೆ ಹಿಮ್ಮಡಿಯ ತನಕ, ಆಮೇಲೆ ಬಲಗಾಲಿಗೆ ಹರಿದು ಬರತೊಡಗಿತು. "ಹೊಯ್ತಿದೆ."

"ಎಲ್ಲಿ?" ಅವಳೂ ಈಗ ಪಿಸುಗುಟ್ಟುತ್ತಿದ್ದಳು.

"ನನ್ನ ಕಾಲ ಮೇಲೆ."

"ಅಲ್ಲಾಡಿದ್ರೆ ನೋಡು! ಹೆದರಿ ನಿಲ್ಲಿಸಿಬಿಡುತ್ತೆ. ಬಣ್ಣ ಹೇಗಿದೆ?"

ಅವನು ಪಾದ ಕದಲಿಸದೆ, ಸೊಂಟದಿಂದ ಮೇಲಷ್ಟೇ ಬಗ್ಗಿಸಿ ನೋಡಿದ. "ತಿಳಿಯಾಗಿದೆ."

"ಅಪ್ಪನ್ನ ಕೇಳು."

ಅವನು ಫೋನನ್ನು ಮಾವನ ಕಡೆಗೆ ಚಾಚಿದ. ಮಾವ ಎರಡೂ ಮೊಣಕಾಲಿಗೆ ಕೈಯೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ, ಇನ್ಸ್‌ಪೆಕ್ಟರಿಗೆ ಹೇಳಬೇಕಾದ್ದನ್ನು ತಪ್ಪಿಲ್ಲದೆ ಹೇಳಬೇಕೆಂಬ ಎಚ್ಚರದಲ್ಲಿ ಬಹಳ ಹೊತ್ತು ನೋಡಿದ.

"ತಿಳಿಯಾಗಿದೆ ಕಣಮ್ಮ," ಎಂದ. "ಈ ಸಲ ನಿಜ."

ಫೋನಿನಲ್ಲಿ ಅವಳ ಉಸಿರು ಕೇಳಿಸಿತು, ಆಮೇಲೆ ಮೂಗು ಸೀಟಿದ ಸದ್ದು. "ನಾಳೆ ಬರ್ತೀನಿ," ಎಂದಳು. "ಏನೂ ಮಾತಾಡಲ್ಲ ನಿನ್ನ ಹತ್ರ. ಈಗ ಮುಗಿಯೋವರೆಗೂ ನಿಂತಿರು."

ಅವನು ನಿಂತಿದ್ದ. ಬೆಕ್ಕು ಅವಸರ ಮಾಡಲಿಲ್ಲ.